ಗೋಧಿ ಗಾಡಿಯ ಒಂದು ದಿನದ ದಾರಿ: ಕೆನಡಾದ ಬಯಲಿನ ಊರು ಇಂಡಿಯನ್ ಹೆಡ್

ಮಸೂರ ಬೇಳೆ, ಹಳದಿ ಬಟಾಣಿಯ ಆಮದು ಸುಂಕ ಏರಿತು ಅಥವಾ ಇಳಿಯಿತು ಎಂಬ ಸುದ್ದಿ ಬಂದಾಗಲೆಲ್ಲ ಸಾಸ್ಕಾಚೆವಾನ್ ಎಂಬ ಹೆಸರು ಕಣ್ಣಿಗೆ ಬೀಳುತ್ತದೆ. ಕೆನಡಾಕ್ಕೆ ದುಡಿಯಲು ಹೋಗುವ ನಮ್ಮವರಲ್ಲಿ ಕೆಲವರಿಗೆ ಟೊರಾಂಟೊ, ವ್ಯಾಂಕೂವರ್ ಬದಲು ಇದೇ ಪ್ರಾಂತ್ಯದ, ಎಂದೂ ಹೆಸರು ಕೇಳಿರದ ಸಣ್ಣ ಊರಿನಲ್ಲಿ ಕೆಲಸ ಸಿಗುವುದೂ ಉಂಟು. ಹೊರಗಿನಿಂದ ನೋಡಿದರೆ ಆ ಊರುಗಳೆಲ್ಲ ಒಂದೇ ಅಚ್ಚಿನವು: ರೈಲು ಹಳಿ, ಹಳಿಯ ಪಕ್ಕ ಧಾನ್ಯದ ಎತ್ತರದ ಗೋಪುರ, ಅಗಲವಾದ ಒಂದು ಮುಖ್ಯ ಬೀದಿ, ಸುತ್ತ ಕಣ್ಣು ಹಾಯುವಷ್ಟು ದೂರ ಹೊಲ. ಅವು ಏಕೆ ಹೀಗಿವೆ, ಇಷ್ಟಿಷ್ಟೇ ಅಂತರದಲ್ಲಿ ಏಕೆ ಹುಟ್ಟಿದವು, ಈಗ ಹಲವು ಏಕೆ ಕರಗುತ್ತಿವೆ? ಈ ಪ್ರಶ್ನೆಗಳೆಲ್ಲ ಬಹುಪಾಲು ಒಂದೇ ಲೆಕ್ಕಕ್ಕೆ ಬಂದು ನಿಲ್ಲುತ್ತವೆ. ರೈತ ತನ್ನ ಧಾನ್ಯವನ್ನು ಎಷ್ಟು ದೂರ ಸಾಗಿಸಬಲ್ಲ?

ಈ ಲೆಕ್ಕವನ್ನು ಬಿಡಿಸಿ ನೋಡಲು ಇಂಡಿಯನ್ ಹೆಡ್ ಒಳ್ಳೆಯ ಊರು. ಸಾಸ್ಕಾಚೆವಾನಿನ ರಾಜಧಾನಿ ರೆಜೈನಾದಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ., ಟ್ರಾನ್ಸ್-ಕೆನಡಾ ಹೆದ್ದಾರಿಯ ಪಕ್ಕದಲ್ಲಿದೆ. ಜನಸಂಖ್ಯೆ 1,900ರ ಆಸುಪಾಸು. ಗಾತ್ರ ಇಷ್ಟೇ ಆದರೂ ಕೆನಡಾದ ಒಣಬೇಸಾಯ, ರೈತ ಚಳವಳಿ, ಮರ ನೆಡುವ ಯೋಜನೆ ಮೂರರಲ್ಲೂ ಈ ಊರಿನ ಹೆಸರಿದೆ.

ಮೊದಲು ಯಾರ ನೆಲ

ಹೆಸರಿನಲ್ಲಿರುವ ‘ಇಂಡಿಯನ್’ ನಮ್ಮ ದೇಶದವರಿಗೆ ಸಂಬಂಧಿಸಿದ್ದಲ್ಲ. ಯುರೋಪಿನವರು ಅಲ್ಲಿಯ ಮೂಲನಿವಾಸಿಗಳನ್ನು ಹಾಗೆ ಕರೆಯುತ್ತಿದ್ದರು. ಆ ಹುಲ್ಲುಗಾವಲು ಕ್ರೀ, ಸೋಟೊ ಮತ್ತು ಅಸಿನಿಬೋಯಿನ್ ಜನರದ್ದು. ಅವರ ಬದುಕು ಕಾಡೆಮ್ಮೆಯ ಹಿಂಡುಗಳ ಜೊತೆ ಹೆಣೆದುಕೊಂಡಿತ್ತು. 1870ರಲ್ಲಿ ಕೆನಡಾ ಸರ್ಕಾರ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷ್ ಹಡ್ಸನ್ಸ್ ಬೇ ಕಂಪನಿಗೆ 3 ಲಕ್ಷ ಪೌಂಡ್ ಕೊಟ್ಟು ಈ ವಿಶಾಲ ಪ್ರದೇಶವನ್ನು ತನ್ನದಾಗಿಸಿಕೊಂಡಿತು. ಅಲ್ಲಿ ಬಾಳುತ್ತಿದ್ದವರನ್ನು ಯಾರೂ ಕೇಳಲಿಲ್ಲ. 1874ರ ಸೆಪ್ಟೆಂಬರ್ 15ರಂದು, ಇಂದಿನ ಇಂಡಿಯನ್ ಹೆಡ್‌ನ ಉತ್ತರಕ್ಕಿರುವ ಫೋರ್ಟ್ ಕಪೆಲ್‌ನಲ್ಲಿ ನಾಲ್ಕನೇ ಒಪ್ಪಂದಕ್ಕೆ ಸಹಿ ಬಿತ್ತು. ಐದು ಜನರ ಒಂದು ಕುಟುಂಬಕ್ಕೆ ಒಂದು ಚದರ ಮೈಲಿ ಮೀಸಲು ಭೂಮಿ, ತಲೆಗೆ ವರ್ಷಕ್ಕೆ 5 ಡಾಲರ್, ಬೇಟೆಯ ಹಕ್ಕು, ಬೇಸಾಯಕ್ಕೆ ಸಲಕರಣೆ ಅದರ ಮುಖ್ಯ ಮಾತುಗಳು.

1870ರ ದಶಕ ಮುಗಿಯುವಷ್ಟರಲ್ಲಿ ಕಾಡೆಮ್ಮೆ ಕಣ್ಮರೆಯಾಯಿತು. ಪಶ್ಚಿಮದ ಸೈಪ್ರೆಸ್ ಬೆಟ್ಟಗಳಲ್ಲಿದ್ದ ಅಸಿನಿಬೋಯಿನ್ ಜನರನ್ನು, ಹಸಿದವರಿಗೆ ಪಡಿತರ ತಡೆಹಿಡಿಯುವ ಬೆದರಿಕೆಯಿಂದ, 1882–83ರಲ್ಲಿ ಪೂರ್ವಕ್ಕೆ ಸಾಗಿಸಲಾಯಿತು. ಇಂದು ಇಂಡಿಯನ್ ಹೆಡ್‌ನ ಪಕ್ಕದ ಊರು ಸಿಂಟಾಲೂಟಾದ ದಕ್ಷಿಣಕ್ಕಿರುವ ಕ್ಯಾರಿ ದ ಕೆಟಲ್ ಸಮುದಾಯ ಅವರದೇ ಸಂತತಿ. ಇಲ್ಲಿಂದ ದೂರವಲ್ಲದ ಲೆಬ್ರೆಟ್‌ನಲ್ಲಿ 1884ರಲ್ಲಿ ವಸತಿ ಶಾಲೆ ಶುರುವಾಯಿತು. ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ, ತಾಯ್ನುಡಿಯಿಂದ ಬೇರೆ ಮಾಡಿದ ವ್ಯವಸ್ಥೆ ಅದು. ‘ಖಾಲಿ ಬಯಲಿಗೆ ವಲಸಿಗರು ಬಂದರು’ ಎಂದು ಇಲ್ಲಿಯ ಚರಿತ್ರೆಯನ್ನು ಶುರು ಮಾಡುವುದು ತಪ್ಪು. ಬಯಲನ್ನು ಮೊದಲು ಖಾಲಿ ಮಾಡಿಸಲಾಯಿತು.

ಬಯಲಿಗೆ ಎಳೆದ ಚೌಕಗಳು

1871ರಿಂದ ಸರ್ಕಾರದ ಸರ್ವೆಯವರು ಇಡೀ ಬಯಲನ್ನು ಚೌಕಗಳಾಗಿ ಅಳೆಯುತ್ತಾ ಬಂದರು. ಬೆಟ್ಟ, ಹಳ್ಳ, ಹೊಳೆ ಯಾವುದನ್ನೂ ಲೆಕ್ಕಿಸದ ಅಳತೆ ಅದು. ಮೂಲ ಘಟಕದ ಹೆಸರು ಟೌನ್‌ಶಿಪ್. ಉದ್ದ 6 ಮೈಲಿ, ಅಗಲ 6 ಮೈಲಿ. ಅದರೊಳಗೆ 36 ಸೆಕ್ಷನ್‌ಗಳು, ಒಂದೊಂದೂ ಒಂದು ಚದರ ಮೈಲಿ, ಅಂದರೆ 640 ಎಕರೆ. ಸೆಕ್ಷನ್ನಿನ ಕಾಲು ಭಾಗವಾದ 160 ಎಕರೆಗೆ ಕ್ವಾರ್ಟರ್ ಎನ್ನುತ್ತಾರೆ. ಇವತ್ತಿಗೂ ಅಲ್ಲಿಯ ರೈತ ತನ್ನ ಜಮೀನನ್ನು ‘ಇಷ್ಟು ಕ್ವಾರ್ಟರ್’ ಎಂದೇ ಹೇಳುವುದು.

ಜಮೀನಿನ ವಿಳಾಸವೂ ಈ ಚೌಕಗಳಿಂದಲೇ ಬರುತ್ತದೆ. ಉದಾಹರಣೆಗೆ ‘ಎನ್ಇ 24-18-13-ಡಬ್ಲ್ಯು2’ ಎಂದಿದ್ದರೆ ಬಲದಿಂದ ಓದುತ್ತಾ ಬರಬೇಕು. ಡಬ್ಲ್ಯು2 ಎಂದರೆ ಎರಡನೇ ಮಧ್ಯಾಹ್ನ ರೇಖೆಯ, ಅಂದರೆ 102 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ. 13 ಎಂದರೆ ಆ ರೇಖೆಯಿಂದ ಪಶ್ಚಿಮಕ್ಕೆ ಎಣಿಸಿದ 13ನೇ ಸಾಲು. 18 ಎಂದರೆ ಅಮೆರಿಕದ ಗಡಿಯಿಂದ, ಅಂದರೆ 49 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೆ 18ನೇ ಟೌನ್‌ಶಿಪ್. ಇಂಡಿಯನ್ ಹೆಡ್ ಇರುವುದು ಇಲ್ಲೇ. 24 ಸೆಕ್ಷನ್ ಸಂಖ್ಯೆ. ಎಣಿಕೆ ಆಗ್ನೇಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗುತ್ತದೆ, ಮೇಲಿನ ಸಾಲಿನಲ್ಲಿ 7ರಿಂದ ಪೂರ್ವಕ್ಕೆ ತಿರುಗುತ್ತದೆ, ಹೀಗೆ ಸಾಲು ಬಿಟ್ಟು ಸಾಲು ಹೊರಳುತ್ತಾ 36ಕ್ಕೆ ಮುಗಿಯುತ್ತದೆ. ಕೊನೆಗೆ ಎನ್ಇ, ಅಂದರೆ ಆ ಸೆಕ್ಷನ್ನಿನ ಈಶಾನ್ಯ ಕ್ವಾರ್ಟರ್. ಹೊಲದ ಮನೆಗೆ ಆಂಬುಲೆನ್ಸ್ ಕರೆಸಬೇಕಾದರೆ ಹೇಳಬೇಕಾದ್ದು ಇದನ್ನೇ. ಹಳ್ಳಿಗಾಡಿನಲ್ಲಿ ಬಾಡಿಗೆ ಹಿಡಿಯುವವರು ಮೊದಲ ದಿನವೇ ಇದನ್ನು ಬರೆದು ಫೋನಿನ ಪಕ್ಕ ಅಂಟಿಸಿಕೊಳ್ಳುವುದು ಒಳ್ಳೆಯದು.

ಈ ಅಳತೆಯಲ್ಲಿ ಒಂದು ತೊಡಕಿದೆ. ಭೂಮಿ ಗುಂಡಗಿರುವುದರಿಂದ ಉತ್ತರ-ದಕ್ಷಿಣದ ಗೆರೆಗಳು ಉತ್ತರಕ್ಕೆ ಹೋದಂತೆ ಹತ್ತಿರವಾಗುತ್ತವೆ. ಚೌಕ ಕಿರಿದಾಗದಂತೆ ಪ್ರತಿ 24 ಮೈಲಿಗೊಮ್ಮೆ ಗೆರೆಯನ್ನು ಸರಿಪಡಿಸಿ ಹೊಸದಾಗಿ ಎಳೆದರು. ಅದಕ್ಕೇ ನೆಟ್ಟಗೆ ಉತ್ತರಕ್ಕೆ ಸಾಗುವ ಮಣ್ಣುರಸ್ತೆ ಆ ಗೆರೆಗೆ ಬಂದಾಗ ತಟ್ಟನೆ ಅಡ್ಡ ಸರಿದು, ಮತ್ತೆ ಉತ್ತರಕ್ಕೆ ತಿರುಗುತ್ತದೆ. ರಾತ್ರಿ ಅಥವಾ ಹಿಮಗಾಳಿಯಲ್ಲಿ ಗಾಡಿ ಓಡಿಸುವ ಹೊಸಬರು ನೇರ ಹೊಲಕ್ಕೆ ನುಗ್ಗುವುದು ಇಂಥ ಕಡೆಗಳಲ್ಲೇ.

ಚೌಕಗಳನ್ನು ಹಂಚಿದ್ದೂ ಲೆಕ್ಕಾಚಾರದಿಂದಲೇ. ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನು ರೈಲು ಕಂಪನಿಗೆ ಮೀಸಲಿಟ್ಟರು. ಕೆನಡಿಯನ್ ಪೆಸಿಫಿಕ್ ರೈಲ್ವೆಗೆ ಒಟ್ಟು 2.5 ಕೋಟಿ ಡಾಲರ್ ಮತ್ತು 2.5 ಕೋಟಿ ಎಕರೆ ಕೊಡುವ ಒಪ್ಪಂದ 1881ರಲ್ಲಿ ಜಾರಿಗೆ ಬಂದಿತ್ತು. 11 ಮತ್ತು 29 ಶಾಲೆಗಳ ಖರ್ಚಿಗೆ, 8 ಮತ್ತು 26ರ ಬಹುಭಾಗ ಹಡ್ಸನ್ಸ್ ಬೇ ಕಂಪನಿಗೆ. ಉಳಿದ ಸಮ ಸಂಖ್ಯೆಯವು ವಲಸೆ ಬಂದವರಿಗೆ. 10 ಡಾಲರ್ ಶುಲ್ಕ ಕಟ್ಟಿದರೆ ಒಂದು ಕ್ವಾರ್ಟರ್ ಸಿಗುತ್ತಿತ್ತು. ಜಮೀನಿನ ಹಕ್ಕುಪತ್ರ ಕೈಗೆ ಬರಬೇಕಾದರೆ ಮೂರು ವರ್ಷ, ವರ್ಷಕ್ಕೆ ಆರು ತಿಂಗಳಾದರೂ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಒಂದಿಷ್ಟು ಎಕರೆ ಹುಲ್ಲುನೆಲವನ್ನು ಉತ್ತು ಸಾಗುವಳಿಗೆ ತರಬೇಕು. ಹೀಗೆ ಬಂದವರಲ್ಲಿ ಸುಮಾರು ಹತ್ತಕ್ಕೆ ನಾಲ್ಕು ಜನ ಷರತ್ತು ಪೂರೈಸಲಾಗದೆ ಬಿಟ್ಟು ಹೋದರು. ಇದರಿಂದ ಆದ ಇನ್ನೊಂದು ಪರಿಣಾಮವೆಂದರೆ ಮನೆಗಳು ಒಂದೆಡೆ ಸೇರಲಿಲ್ಲ. ಪ್ರತಿ ಕುಟುಂಬವೂ ತನ್ನ ಹೊಲದ ನಡುವೆಯೇ ಇರಬೇಕಾದ್ದರಿಂದ ನೆರೆಮನೆ ಅರ್ಧ ಮೈಲಿ, ಒಂದು ಮೈಲಿ ದೂರ. ಹಳ್ಳಿ ಎಂಬುದು ತಾನಾಗಿ ಹುಟ್ಟುವಂತೆಯೇ ಇರಲಿಲ್ಲ.

ಇಂಡಿಯನ್ ಹೆಡ್ ಸುತ್ತ ಮಾತ್ರ ಆರಂಭ ಬೇರೆ ರೀತಿಯದ್ದು. 1882ರಲ್ಲಿ ಮೇಜರ್ ವಿಲಿಯಂ ಬೆಲ್ ಎಂಬಾತ ಬಂಡವಾಳಗಾರರನ್ನು ಸೇರಿಸಿ ಕಂಪನಿ ಕಟ್ಟಿ, 50,000 ಎಕರೆಗೂ ಮಿಕ್ಕಿದ ಜಮೀನಿನಲ್ಲಿ ಸಂಬಳದ ಆಳುಗಳಿಂದ ಬೇಸಾಯ ಶುರು ಮಾಡಿದ. ಬರ, ಹಿಮ ಬಿದ್ದು ಸುಟ್ಟ ಬೆಳೆ, ಪಶ್ಚಿಮದಲ್ಲಿ ಸರ್ಕಾರದ ವಿರುದ್ಧ ಎದ್ದ 1885ರ ದಂಗೆಯ ವರ್ಷದಲ್ಲಿ ಬಿತ್ತನೆಯ ಹೊತ್ತಿಗೆ ಕುದುರೆಗಳೆಲ್ಲ ಸೈನ್ಯದ ಸಾಮಾನು ಸಾಗಣೆಗೆ ಹೋದದ್ದು, ಇವೆಲ್ಲ ಸೇರಿ ಹತ್ತು ವರ್ಷ ತುಂಬುವ ಮೊದಲೇ ಆ ಸಾಹಸ ಮುಳುಗಿತು. ಜಮೀನು ತುಂಡಾಗಿ ರೈತರ ಕೈ ಸೇರಿತು. ಅವನು ಕಟ್ಟಿಸಿದ ದುಂಡಗಿನ ಕಲ್ಲಿನ ಲಾಯ ಶಿಥಿಲವಾಗಿ ಕುಸಿದ ಮೇಲೆ, ಊರಿನವರು ಹಳೆಯ ಕಲ್ಲುಗಳನ್ನೇ ಬಳಸಿ ಮತ್ತೆ ಕಟ್ಟಿ 2010ರಲ್ಲಿ ತೆರೆದರು.

ಊರನ್ನು ಇಟ್ಟದ್ದು ರೈಲು

1882ರ ಬೇಸಿಗೆಯಲ್ಲಿ ಹಳಿ ಇಲ್ಲಿಗೆ ಬಂತು. ಊರು ಎಲ್ಲಿರಬೇಕೆಂದು ತೀರ್ಮಾನಿಸಿದ್ದು ರೈಲು ಕಂಪನಿ. ಅದರ ಲೆಕ್ಕ ಸರಳ. ಎರಡು ಕುದುರೆಯ ಗಾಡಿ 50–60 ಬುಷೆಲ್ ಗೋಧಿ ಹೊರುತ್ತದೆ. ಗೋಧಿಯ ಒಂದು ಬುಷೆಲ್ ಅಂದರೆ 27.2 ಕಿಲೊ, ಹಾಗಾಗಿ ಹೊರೆ ಒಂದೂವರೆ ಟನ್ನಿನಷ್ಟು. ಹೊರೆ ಹೊತ್ತ ಕುದುರೆ ಗಂಟೆಗೆ 4–5 ಕಿ.ಮೀ. ನಡೆಯುತ್ತದೆ. ಬೆಳಗ್ಗೆ ಹೊರಟು, ಸರದಿಯಲ್ಲಿ ಕಾದು, ಧಾನ್ಯ ಇಳಿಸಿ, ಕುದುರೆಗೆ ಮೇವು ಹಾಕಿ, ಕತ್ತಲಾಗುವುದರೊಳಗೆ ಮನೆ ಸೇರಬೇಕಾದರೆ ಹತ್ತು ಮೈಲಿ ಮೀರಿದ ದಾರಿ ಆಗದು. ಅದಕ್ಕೇ ಹಳಿಯುದ್ದಕ್ಕೂ 8–10 ಮೈಲಿಗೊಂದು ನಿಲ್ದಾಣ ಇಟ್ಟರು. ಇಂಡಿಯನ್ ಹೆಡ್‌ನಿಂದ ಪೂರ್ವಕ್ಕೆ ಸಿಂಟಾಲೂಟಾ ಸುಮಾರು 15 ಕಿ.ಮೀ., ಪಶ್ಚಿಮಕ್ಕೆ ಕಪೆಲ್ ಊರೂ ಹೆಚ್ಚುಕಡಿಮೆ ಅಷ್ಟೇ ದೂರ. ಆಮೇಲೆ ಬಂದ ಗ್ರಾಂಡ್ ಟ್ರಂಕ್ ಪೆಸಿಫಿಕ್ ಕಂಪನಿಯಂತೂ ಊರುಗಳಿಗೆ ಅಕ್ಷರಮಾಲೆಯ ಕ್ರಮದಲ್ಲೇ ಹೆಸರಿಡುತ್ತಾ ಹೋಯಿತು: ಫೆನ್‌ವುಡ್, ಗುಡೀವ್, ಹಬರ್ಡ್, ಇಟೂನಾ, ಜಾಸ್ಮಿನ್, ಕೆಲಿಹರ್, ಲೆಸ್ಟಾಕ್. ಇಂಗ್ಲಿಷಿನ ಎಫ್‌ನಿಂದ ಎಲ್‌ವರೆಗೆ ಒಂದೂ ತಪ್ಪಿಲ್ಲ.

ಊರಿನ ನಕ್ಷೆಯೂ ಸಿದ್ಧ ಅಚ್ಚಿನದು. ಹಳಿಗೆ ಸಮಾನಾಂತರವಾಗಿ ರೈಲ್ವೆ ಬೀದಿ, ಅದಕ್ಕೆ ಅಡ್ಡಲಾಗಿ ಮುಖ್ಯ ಬೀದಿ, ಎರಡೂ ಕೂಡುವ ಕಡೆ ನಿಲ್ದಾಣ. ಬ್ಯಾಂಕು, ಹೋಟೆಲು, ಕಿರಾಣಿ, ಅಂಚೆ ಕಚೇರಿ ನಿಲ್ದಾಣದ ಎದುರಿಗೇ. ಬೀದಿಗಳು ಅಷ್ಟೊಂದು ಅಗಲ ಇರುವುದು ಕುದುರೆ ಗಾಡಿ ಪೂರ್ತಿ ಸುತ್ತು ತಿರುಗಲು ಜಾಗ ಬೇಕಾದ್ದರಿಂದ. ನಿವೇಶನ ಮಾರಿ ಬಂದ ಹಣವೂ ರೈಲು ಕಂಪನಿಗೆ ಆದಾಯವೇ. ಇಂಡಿಯನ್ ಹೆಡ್‌ಗೆ ಪಟ್ಟಣದ ಸ್ಥಾನ ಸಿಕ್ಕಿದ್ದು 1902ರಲ್ಲಿ.

ಎಲಿವೇಟರ್ ಒಳಗೆ ಏನಾಗುತ್ತದೆ

ಹಳಿಯ ಪಕ್ಕದ ಎತ್ತರದ ಮರದ ಕಟ್ಟಡಕ್ಕೆ ಗ್ರೇನ್ ಎಲಿವೇಟರ್ ಎನ್ನುತ್ತಾರೆ. ಧಾನ್ಯವನ್ನು ಮೇಲೆತ್ತಿ, ಬಗೆಬಗೆಯಾಗಿ ವಿಂಗಡಿಸಿಟ್ಟು, ರೈಲಿಗೆ ತುಂಬುವ ಗೋಪುರ ಅದು. ಎತ್ತರ 20–25 ಮೀಟರ್. ಹಳೆಯ ಮಾದರಿಯದರಲ್ಲಿ 25,000ದಿಂದ 40,000 ಬುಷೆಲ್ ಹಿಡಿಸುತ್ತಿತ್ತು.

ಗೋಡೆಯ ಕೆಲಸ ನೋಡುವಂಥದ್ದು. ಹಲಗೆಗಳನ್ನು ನಿಲ್ಲಿಸಿ ಹೊಡೆದಿಲ್ಲ. ಒಂದರ ಮೇಲೊಂದು ಮಲಗಿಸಿ, ಉದ್ದಕ್ಕೂ ಮೊಳೆ ಜಡಿದು ಮೇಲೇರಿಸಿದ್ದಾರೆ. ಕೆಳಗೆ ಅಗಲದ ಹಲಗೆ, ಮೇಲೆ ಹೋದಂತೆ ಕಿರಿದು. ಕಾರಣ, ತುಂಬಿಟ್ಟ ಧಾನ್ಯ ಕೆಳಗೆ ಮಾತ್ರ ಭಾರ ಹಾಕುವುದಿಲ್ಲ, ಗೋಡೆಯನ್ನು ಹೊರಕ್ಕೂ ಒತ್ತುತ್ತದೆ, ಬುಡದ ಕಡೆ ಆ ಒತ್ತಡ ಹೆಚ್ಚು. ಸಾಮಾನ್ಯ ಮರದ ಗೋಡೆಯಾದರೆ ಒಂದೇ ಸುಗ್ಗಿಗೆ ಬಿರಿದುಬಿಡುತ್ತಿತ್ತು.

ಗಾಡಿ ಬಂದಾಗ ನಡೆಯುವ ಕೆಲಸದ ಕ್ರಮ ಹೀಗೆ. ಗಾಡಿ ತಗ್ಗಿನ ಛಾವಣಿಯ ಶೆಡ್ಡಿನೊಳಗೆ ಹೋಗಿ ತೂಕದ ಹಲಗೆಯ ಮೇಲೆ ನಿಲ್ಲುತ್ತದೆ. ಎಲಿವೇಟರ್ ಕಂಪನಿಯ ಏಜೆಂಟು ಒಟ್ಟು ತೂಕ ಬರೆದುಕೊಂಡು, ಒಂದು ಬೊಗಸೆ ಮಾದರಿ ತೆಗೆದು ಜರಡಿ ಹಿಡಿಯುತ್ತಾನೆ. ಕಳೆಬೀಜ, ಹೊಟ್ಟು, ಮುರುಕಲು ಎಷ್ಟಿದೆಯೋ ಅಷ್ಟನ್ನು ತೂಕದಿಂದ ಕಳೆಯುತ್ತಾನೆ. ಕಾಳಿನ ಬಣ್ಣ, ಗಟ್ಟಿತನ, ಹಿಮದ ಪೆಟ್ಟು ನೋಡಿ ದರ್ಜೆ ಹೇಳುತ್ತಾನೆ. ಆಮೇಲೆ ಗಾಡಿಯ ಮುಂಭಾಗವನ್ನು ಮೇಲೆತ್ತಿ ಧಾನ್ಯವನ್ನು ಕಬ್ಬಿಣದ ಜಾಲರಿಯ ಮೂಲಕ ನೆಲದಡಿಯ ಗುಂಡಿಗೆ ಸುರಿಯುತ್ತಾರೆ. ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ಎರಡು ತೂಕಗಳ ವ್ಯತ್ಯಾಸದಲ್ಲಿ ಆ ಕಸದ ಪಾಲು ಕಳೆದು ಉಳಿದದ್ದೇ ರೈತನ ಲೆಕ್ಕಕ್ಕೆ ಬರುವ ಧಾನ್ಯ.

ಗುಂಡಿಯಿಂದ ಮೇಲಕ್ಕೆ ಒಯ್ಯುವ ಯಂತ್ರವನ್ನು ಅಲ್ಲಿಯವರು ‘ಲೆಗ್’ ಎನ್ನುತ್ತಾರೆ. ಬಾವಿಯ ರಾಟೆಯಲ್ಲಿ ಸರಪಳಿಗೆ ಕಟ್ಟಿದ ಮಡಕೆಗಳು ನೀರು ಮೊಗೆದು ಮೇಲೆ ಸುರಿದು ಕೆಳಗಿಳಿಯುವಂತೆಯೇ ಇದರ ಕೆಲಸ. ಕೊನೆಯಿಲ್ಲದ ಪಟ್ಟಿಗೆ ಜೋಡಿಸಿದ ಲೋಹದ ಬಟ್ಟಲುಗಳು ಧಾನ್ಯವನ್ನು ಮೊಗೆದು ತುದಿಗೆ ಒಯ್ಯುತ್ತವೆ. ತುದಿಯಲ್ಲಿ ತಿರುಗುವ ಕೊಳವೆಯೊಂದಿದೆ. ಕೆಳಗೆ ನಿಂತ ಏಜೆಂಟು ಚಕ್ರ ತಿರುಗಿಸಿ ಅದನ್ನು ಬೇಕಾದ ಕಣಜಕ್ಕೆ ಹೊಂದಿಸುತ್ತಾನೆ. ಆಮೇಲಿನದೆಲ್ಲ ಧಾನ್ಯ ತಾನಾಗಿ ಜಾರುವ ಕೆಲಸ. ರೈಲು ಡಬ್ಬಿ ಬಂದಾಗ ಕಣಜದಿಂದ ಇಳಿಸಿ, ಮತ್ತೆ ತೂಗಿ, ಕೊಳವೆಯಿಂದ ಡಬ್ಬಿಗೆ ಬಿಡುತ್ತಾರೆ. ಎಲಿವೇಟರ್ ಪಕ್ಕದ ಹಳಿಯನ್ನು ಸ್ವಲ್ಪ ಇಳಿಜಾರಾಗಿ ಹಾಕುತ್ತಿದ್ದರು. ಇಂಜಿನ್ ಇಲ್ಲದೆಯೇ ಒಬ್ಬ ಮನುಷ್ಯ ಸನ್ನೆಗೋಲಿನಿಂದ ಡಬ್ಬಿಯನ್ನು ಒಂದೊಂದಾಗಿ ಮುಂದೆ ಉರುಳಿಸಬಹುದಿತ್ತು.

ಕೆಡುವುದು ಎರಡು ಕಡೆ. ಮೊದಲನೆಯದು ದೂಳು. ಧಾನ್ಯದ ನಯವಾದ ದೂಳು ಗಾಳಿಯಲ್ಲಿ ದಟ್ಟವಾಗಿ ಸೇರಿದಾಗ ಒಂದು ಕಿಡಿ ಸಾಕು, ಸಿಡಿಯುತ್ತದೆ. ಲೆಗ್‌ನ ಪಟ್ಟಿ ಸಿಕ್ಕಿಕೊಂಡು ಉಜ್ಜಿದರೂ ಬೆಂಕಿ. ಅದಕ್ಕೇ ಇಂಜಿನ್ನನ್ನೂ ಏಜೆಂಟಿನ ಕಚೇರಿಯನ್ನೂ ಗೋಪುರದಿಂದ ಬೇರೆಯಾಗಿ ಕಟ್ಟುತ್ತಿದ್ದರು. ಎರಡನೆಯದು ತೇವ. ಗೋಧಿಯ ತೇವ 14.5 ಪ್ರತಿಶತದೊಳಗಿದ್ದರೆ ಒಣಗಿದ್ದೆಂದು ಲೆಕ್ಕ. ಅದನ್ನು ಮೀರಿದ್ದನ್ನು ಹಾಗೇ ತುಂಬಿಟ್ಟರೆ ಕಣಜದ ನಡುವೆ ಬಿಸಿಯೇರಿ, ಮುಗ್ಗಿ, ಗಂಟುಕಟ್ಟುತ್ತದೆ. ಆಗ ಒಂದು ಕಣಜದಿಂದ ಇನ್ನೊಂದಕ್ಕೆ ಸುರಿದು ಗಾಳಿಯಾಡಿಸಬೇಕು. ಈಗ ರೈತರು ಹೊಲದಲ್ಲೇ ಉಕ್ಕಿನ ಕಣಜ ಇಟ್ಟುಕೊಂಡು ಫ್ಯಾನು ಹಾಕಿ ಇದೇ ಕೆಲಸ ಮಾಡುತ್ತಾರೆ.

1930ರ ದಶಕದಲ್ಲಿ ಇಂಥ ಎಲಿವೇಟರ್‌ಗಳು ಕೆನಡಾದ ಬಯಲಿನಲ್ಲಿ 5,700ಕ್ಕೂ ಹೆಚ್ಚಿದ್ದವು, ಅರ್ಧಕ್ಕಿಂತ ಜಾಸ್ತಿ ಸಾಸ್ಕಾಚೆವಾನ್ ಒಂದರಲ್ಲೇ. ಮರದವುಗಳಲ್ಲಿ ಈಗ ಸಣ್ಣ ಪಾಲು ಮಾತ್ರ ಉಳಿದಿದೆ. ಸಾಲಾಗಿ ನಿಂತದ್ದನ್ನು ನೋಡಬೇಕೆಂದರೆ ಮ್ಯಾನಿಟೋಬಾದ ಇಂಗ್ಲಿಸ್‌ಗೆ ಹೋಗಬೇಕು. ಅದು ರಾಷ್ಟ್ರೀಯ ಸ್ಮಾರಕ.

ಡಬ್ಬಿಗಾಗಿ ಜಗಳ

ತೂಕ, ದರ್ಜೆ, ಡಬ್ಬಿ ಮೂರೂ ಬೇರೆಯವರ ಕೈಯಲ್ಲಿದ್ದರೆ ರೈತನ ಪಾಡೇನು? 1901ರಲ್ಲಿ ಬೆಳೆ ಭರ್ಜರಿಯಾಗಿ ಬಂತು. ಸಾಗಿಸಲು ರೈಲು ಡಬ್ಬಿ ಸಾಲಲಿಲ್ಲ. ರೈತ ಎಲಿವೇಟರ್ ಬಿಟ್ಟು ನೇರವಾಗಿ ಡಬ್ಬಿಗೆ ತುಂಬುವ ಹಕ್ಕು 1900ರ ಮ್ಯಾನಿಟೋಬಾ ಧಾನ್ಯ ಕಾಯ್ದೆಯಲ್ಲಿತ್ತು. ಆದರೆ ಬಂದ ಡಬ್ಬಿಗಳು ಮೊದಲು ಎಲಿವೇಟರ್ ಕಂಪನಿಗಳಿಗೆ ಹೋಗುತ್ತಿದ್ದವು. ಬಯಲಲ್ಲಿ ರಾಶಿ ಬಿದ್ದ ಗೋಧಿ ಕಣ್ಣೆದುರೇ ಕೆಡುತ್ತಿತ್ತು.

ಆ ಡಿಸೆಂಬರಿನಲ್ಲಿ ರೈತರು ಇಂಡಿಯನ್ ಹೆಡ್‌ನಲ್ಲಿ ಸಭೆ ಸೇರಿ ಟೆರಿಟೋರಿಯಲ್ ಗ್ರೇನ್ ಗ್ರೋವರ್ಸ್ ಅಸೋಸಿಯೇಷನ್ ಕಟ್ಟಿದರು. ಮುಂದಾಳು ಅಬರ್ನೆಥಿಯ ರೈತ ಡಬ್ಲ್ಯು. ಆರ್. ಮದರ್‌ವೆಲ್. ಅವರು ಒತ್ತಾಯಿಸಿದ್ದು ಒಂದೇ ವಿಷಯ: ನಿಲ್ದಾಣದಲ್ಲಿ ಡಬ್ಬಿ ಬೇಡಿಕೆಯ ಪುಸ್ತಕವಿರಲಿ, ಮೊದಲು ಹೆಸರು ಬರೆಸಿದವರಿಗೆ ಮೊದಲು ಡಬ್ಬಿ ಸಿಗಲಿ. ಕಾಯ್ದೆಗೆ ತಿದ್ದುಪಡಿಯೂ ಆಯಿತು. ಪಾಲನೆಯಾಗದಿದ್ದಾಗ 1902ರಲ್ಲಿ ಸಿಂಟಾಲೂಟಾ ನಿಲ್ದಾಣದ ರೈಲ್ವೆ ಏಜೆಂಟಿನ ಮೇಲೆ ಮೊಕದ್ದಮೆ ಹೂಡಿ ಗೆದ್ದರು. ದಂಡ 50 ಡಾಲರ್. ಮೊತ್ತ ಸಣ್ಣದು, ಆದರೆ ಪಶ್ಚಿಮದ ಅತಿ ಬಲಿಷ್ಠ ಕಂಪನಿಯ ವಿರುದ್ಧ ರೈತರು ಕಾನೂನಿನಿಂದಲೇ ಗೆದ್ದದ್ದು ದೊಡ್ಡದು. ಮುಂದೆ ಸಿಂಟಾಲೂಟಾದ ಇ. ಎ. ಪಾರ್ಟ್ರಿಜ್ ಮುಂದಾಳತ್ವದಲ್ಲಿ 1906ರಲ್ಲಿ ರೈತರದೇ ಧಾನ್ಯ ಕಂಪನಿ ಬಂತು. 1924ರಲ್ಲಿ ಸಾಸ್ಕಾಚೆವಾನ್ ವೀಟ್ ಪೂಲ್ ಎಂಬ ಸಹಕಾರಿ ಸಂಸ್ಥೆ ಹುಟ್ಟಿ ನೂರಾರು ಎಲಿವೇಟರ್‌ಗಳ ಒಡೆತನ ಪಡೆಯಿತು. ಅಂಗಡಿ, ಪೆಟ್ರೋಲ್ ಬಂಕು, ಬ್ಯಾಂಕುಗಳು ಇಂದಿಗೂ ಈ ಊರುಗಳಲ್ಲಿ ಸಹಕಾರಿ ರೂಪದಲ್ಲಿರುವುದರ ಬೇರು ಇಲ್ಲಿದೆ.

ನೀರಿಲ್ಲದೆ ಬೆಳೆ ತೆಗೆದ ಬಗೆ

ಇಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 400 ಮಿ.ಮೀ. ಆಸುಪಾಸು. ಹಿಮದ ಹೊಡೆತವಿಲ್ಲದ ದಿನಗಳು ಸುಮಾರು ನೂರಹತ್ತು. ಮೇ ತಿಂಗಳಲ್ಲಿ ಬಿತ್ತಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿಗೆ ಬರಬೇಕು. ತಡವಾದರೆ ಒಂದೇ ರಾತ್ರಿಯ ಹಿಮ ಕಾಳನ್ನು ಸುಕ್ಕಾಗಿಸುತ್ತದೆ.

1885ರಲ್ಲಿ, ಕುದುರೆಗಳು ದಂಗೆಯ ಸಾಗಣೆಗೆ ಹೋಗಿ, ಉತ್ತ ಹೊಲಗಳು ಬಿತ್ತನೆಯಿಲ್ಲದೆ ಉಳಿದವು. ಮರುವರ್ಷ ಬರ ಬಂತು. ಎಲ್ಲೆಡೆ ಬೆಳೆ ಒಣಗಿದಾಗ ಬಿತ್ತದೆ ಬಿಟ್ಟಿದ್ದ ಆ ಹೊಲಗಳಲ್ಲಿ ಮಾತ್ರ ಗೋಧಿ ನಿಂತಿತು. ಇಂಡಿಯನ್ ಹೆಡ್‌ನ ರೈತ ಆಂಗಸ್ ಮಕ್ಕೈ ಇದನ್ನು ಗಮನಿಸಿದ. ಆ ದಶಕದ ಕೊನೆಯಲ್ಲಿ ಇಲ್ಲೇ ಸರ್ಕಾರಿ ಪ್ರಾಯೋಗಿಕ ಕೃಷಿ ಕ್ಷೇತ್ರ ತೆರೆದಾಗ ಅದರ ಮೊದಲ ಮುಖ್ಯಸ್ಥನಾದ. ಜಮೀನಿನ ಒಂದು ಪಾಲನ್ನು ಒಂದು ಬೇಸಿಗೆ ಬಿತ್ತದೆ ಬಿಡುವುದು, ಕಳೆ ಬೆಳೆದು ನೀರು ಹೀರದಂತೆ ಆಗಾಗ ಉಳುವುದು, ಎರಡು ವರ್ಷದ ತೇವವನ್ನು ಒಂದು ಬೆಳೆಗೆ ಕೊಡುವುದು: ಈ ಬೀಳು ಪದ್ಧತಿ ಇಡೀ ಬಯಲಿಗೆ ಹರಡಿತು.

ಗೋಧಿ ತಳಿಯಲ್ಲೂ ದೊಡ್ಡ ಬದಲಾವಣೆ ಬಂತು, ಅದರಲ್ಲಿ ಭಾರತದ ಪಾಲಿದೆ. ರೆಡ್ ಫೈಫ್ ಎಂಬ ಒಳ್ಳೆಯ ಗೋಧಿ ಕೊಯ್ಲಿಗೆ ಬರುವುದು ತಡ. ಅದನ್ನು ಭಾರತದಿಂದ ತರಿಸಿದ, ಬೇಗ ಮಾಗುವ ‘ಹಾರ್ಡ್ ರೆಡ್ ಕಲ್ಕತ್ತಾ’ದ ಜೊತೆ ಅಡ್ಡಹಾಯಿಸಿ, ಆ ಸಂತತಿಯಿಂದ ಚಾರ್ಲ್ಸ್ ಸಾಂಡರ್ಸ್ ಆರಿಸಿ ತೆಗೆದ ತಳಿ ಮಾರ್ಕ್ವಿಸ್. 1907ರಲ್ಲಿ ಅದನ್ನು ಬಯಲಿನಲ್ಲಿ ಬೆಳೆದು ಪರೀಕ್ಷಿಸಿದ್ದು ಇಂಡಿಯನ್ ಹೆಡ್‌ನ ಕ್ಷೇತ್ರದಲ್ಲೇ. 1909ರಿಂದ ರೈತರಿಗೆ ಬೀಜ ಸಿಕ್ಕಿತು. ರೆಡ್ ಫೈಫ್‌ಗಿಂತ ಒಂದು ವಾರದಷ್ಟು ಮೊದಲೇ ಮಾಗುತ್ತಿತ್ತು. ಹಿಮ ಬೀಳುವ ಸೀಮೆಯಲ್ಲಿ ಆ ಒಂದು ವಾರವೇ ಬೆಳೆಗೂ ನಷ್ಟಕ್ಕೂ ಇದ್ದ ಅಂತರ.

ಬೀಳು ಪದ್ಧತಿಯ ಕೆಡುಕು ಕಾಣಿಸಿದ್ದು 1930ರ ದಶಕದಲ್ಲಿ. ಮತ್ತೆ ಮತ್ತೆ ಉತ್ತು ಪುಡಿಯಾದ ಬರಿಮಣ್ಣು, ವರ್ಷಗಟ್ಟಲೆ ಬರ, ತಡೆಯಿಲ್ಲದ ಗಾಳಿ. ಹೊಲದ ಮೇಲ್ಮಣ್ಣು ಎದ್ದು ಹಗಲನ್ನೇ ಕತ್ತಲು ಮಾಡಿತು. ಇದಕ್ಕೆ ಒಂದು ಮದ್ದು ಮೊದಲೇ ಇಂಡಿಯನ್ ಹೆಡ್‌ನಲ್ಲಿ ತಯಾರಾಗುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಲ್ಲಿ ಸರ್ಕಾರಿ ಸಸಿ ಕ್ಷೇತ್ರ ಶುರುವಾಗಿ ರೈತರಿಗೆ ಉಚಿತವಾಗಿ ಸಸಿ ಕೊಡುತ್ತಿತ್ತು. ಹೊಲಮನೆಯ ಉತ್ತರ ಮತ್ತು ಪಶ್ಚಿಮಕ್ಕೆ ಸಾಲು ಮರ ನೆಡುತ್ತಾರೆ. ಹೊರಗಿನ ಸಾಲು ಸೈಬೀರಿಯಾ ಮೂಲದ ಕ್ಯಾರಗಾನ ಪೊದೆ, ಒಳಗೆ ಮ್ಯಾನಿಟೋಬಾ ಮೇಪಲ್, ಗ್ರೀನ್ ಆಷ್, ಸ್ಪ್ರೂಸ್. ಸಾಲನ್ನು ಮನೆಗೆ ತೀರ ಹತ್ತಿರ ನೆಡಬಾರದು. ಗಾಳಿ ತಂದ ಹಿಮ ಸಾಲಿನ ಒಳಮಗ್ಗುಲಲ್ಲೇ ಗುಡ್ಡೆಯಾಗಿ ಬೀಳುವುದರಿಂದ, ಜಾಗ ಬಿಡದಿದ್ದರೆ ಬಾಗಿಲೇ ಹೂತುಹೋಗುತ್ತದೆ. 60 ಕೋಟಿಗೂ ಮಿಕ್ಕಿ ಸಸಿ ಹಂಚಿದ ಈ ಕ್ಷೇತ್ರದ ಯೋಜನೆಯನ್ನು ಕೇಂದ್ರ ಸರ್ಕಾರ 2013ರಲ್ಲಿ ನಿಲ್ಲಿಸಿತು. ಬಯಲಿಗೆ ಇದಕ್ಕಿಂತ ಹೆಚ್ಚು ಉಪಕಾರ ಮಾಡಿದ ಸರ್ಕಾರಿ ಕೆಲಸ ಸಿಗುವುದು ಕಷ್ಟ.

ಈಗ ಹೆಚ್ಚಿನವರು ಉಳುವುದೇ ಇಲ್ಲ. ಹಿಂದಿನ ಬೆಳೆಯ ಕೂಳೆಯ ನಡುವೆಯೇ, 20 ಮೀಟರ್ ಆಚೀಚೆ ಅಗಲದ ಯಂತ್ರದಿಂದ ಬೀಜ ಗೊಬ್ಬರ ಎರಡನ್ನೂ ಒಂದೇ ಸಾರಿಗೆ ಊರುತ್ತಾರೆ. ಕೂಳೆ ಚಳಿಗಾಲದಲ್ಲಿ ಹಿಮವನ್ನು ಹಿಡಿದಿಟ್ಟು ವಸಂತದಲ್ಲಿ ನೀರಾಗಿಸುತ್ತದೆ, ಗಾಳಿಗೆ ಮಣ್ಣನ್ನು ಬಿಡುವುದಿಲ್ಲ. ಉಳದೆ ಇರುವುದರಿಂದ ಕಳೆಗೆ ಔಷಧಿಯನ್ನೇ ನೆಚ್ಚಬೇಕು. ಔಷಧಿಗೆ ಜಗ್ಗದ ಕೋಶಿಯ, ಕಾಡು ಓಟ್ಸ್ ಈಗಿನ ತಲೆನೋವು.

ಊರುಗಳು ಏಕೆ ಕರಗಿದವು

ಕುದುರೆ ಹೋಗಿ ಲಾರಿ ಬಂದ ದಿನವೇ 8–10 ಮೈಲಿಯ ಲೆಕ್ಕ ಸತ್ತಿತು. ಆದರೂ ಹಳೆಯ ಜಾಲ ಬಹಳ ಕಾಲ ಉಳಿಯಿತು, ಕಾರಣ ಅಗ್ಗದ ರೈಲು ದರ. ಸರ್ಕಾರ ಮತ್ತು ಕೆನಡಿಯನ್ ಪೆಸಿಫಿಕ್ ರೈಲ್ವೆ ನಡುವಿನ 1897ರ ಕ್ರೋಸ್ ನೆಸ್ಟ್ ಒಪ್ಪಂದದಿಂದ ಬಂದ ಧಾನ್ಯ ಸಾಗಣೆಯ ಕಡಿಮೆ ದರ, ರೂಪ ಬದಲಿಸುತ್ತಾ, ಸಹಾಯಧನದ ಬಲದಲ್ಲಿ 1995ರವರೆಗೆ ನಡೆಯಿತು. ಅದು ನಿಂತ ಮೇಲೆ ಕವಲು ಹಳಿಗಳು ಭರದಿಂದ ಮುಚ್ಚಿದವು. ಕಂಪನಿಗಳು ನೂರಕ್ಕೂ ಹೆಚ್ಚು ಡಬ್ಬಿಯ ರೈಲನ್ನು ಒಂದೇ ಕಡೆ ತುಂಬುವ ಕಾಂಕ್ರೀಟ್ ಟರ್ಮಿನಲ್‌ಗಳನ್ನು ಕಟ್ಟಿದವು. ಈಗ ರೈತ 40 ಟನ್ ಹೊರುವ ಲಾರಿಯಲ್ಲಿ 60, 80, 100 ಕಿ.ಮೀ. ದೂರಕ್ಕೂ ಹೋಗುತ್ತಾನೆ. ನಡುವಿನ ಊರುಗಳಲ್ಲಿ ನಿಲ್ಲುವ ಅಗತ್ಯವಿಲ್ಲ.

ಹೊಲಗಳೂ ದೊಡ್ಡದಾದವು. 1936ರಲ್ಲಿ ಸಾಸ್ಕಾಚೆವಾನಿನಲ್ಲಿ 1,42,000ಕ್ಕೂ ಹೆಚ್ಚು ಕೃಷಿ ಕುಟುಂಬಗಳ ಹಿಡುವಳಿ ಇದ್ದವು, 2021ರಲ್ಲಿ ಸುಮಾರು 34,000. ಸರಾಸರಿ ಹಿಡುವಳಿ 1,700 ಎಕರೆ ದಾಟಿದೆ. ಮನೆಗಳು ಕಡಿಮೆಯಾದಂತೆ ಶಾಲೆ, ಅಂಗಡಿ, ಆಸ್ಪತ್ರೆ ಒಂದೊಂದಾಗಿ ಮುಚ್ಚುತ್ತವೆ. 1993ರಲ್ಲಿ ಪ್ರಾಂತ್ಯ ಒಂದೇ ಏಟಿಗೆ 52 ಸಣ್ಣ ಆಸ್ಪತ್ರೆಗಳ ಸ್ವರೂಪ ಬದಲಿಸಿತು. ಇಂಡಿಯನ್ ಹೆಡ್ ಉಳಿದದ್ದಕ್ಕೆ ಮುಖ್ಯ ಹಳಿಯ ಮೇಲಿರುವುದು, ಹೆದ್ದಾರಿ, ಸಂಶೋಧನಾ ಕ್ಷೇತ್ರ, ಸ್ವಂತ ಆಸ್ಪತ್ರೆ ಕಾರಣ. ರೆಜೈನಾದಲ್ಲಿ ಕೆಲಸ ಮಾಡಿ ಇಲ್ಲಿ ಮನೆ ಮಾಡಬಹುದಾದ ದೂರವೂ ನೆರವಾಯಿತು. ಪಕ್ಕದ ಸಿಂಟಾಲೂಟಾ ಅದೇ ಹಳಿಯ ಮೇಲಿದ್ದರೂ ತೀರ ಚಿಕ್ಕದಾಗಿದೆ.

ಅಲ್ಲಿ ಇರಲು ಹೋಗುವವರಿಗೆ

ಬಸ್ಸನ್ನು ನಂಬಬೇಡಿ. ಪ್ರಾಂತ್ಯದ ಸರ್ಕಾರಿ ಬಸ್ ಸೇವೆ 2017ರಲ್ಲಿ ನಿಂತುಹೋಯಿತು. ಕಾರು, ಚಾಲನಾ ಪರವಾನಗಿ ಇಲ್ಲದೆ ನಡೆಯದು. ಕಾರಿನ ಮುಂಭಾಗದಲ್ಲಿ ಜೋತಾಡುವ ವಿದ್ಯುತ್ ತಂತಿ ಇಂಜಿನ್ ಬೆಚ್ಚಗಿಡುವ ಹೀಟರಿನದು. ಚಳಿ ಶೂನ್ಯದ ಕೆಳಗೆ 15–20 ಡಿಗ್ರಿಗೆ ಇಳಿದರೆ ರಾತ್ರಿ ಪ್ಲಗ್ಗಿಗೆ ಹಾಕಲೇಬೇಕು, ಇಲ್ಲವಾದರೆ ಬೆಳಗ್ಗೆ ಗಾಡಿ ಏಳುವುದಿಲ್ಲ. ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಇಳಿದು ನಡೆಯಬಾರದು, ಒಳಗೇ ಇರಬೇಕು. ಇಂಜಿನ್ ಚಾಲೂ ಮಾಡುವ ಮುನ್ನ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಬೇಕು. ಕೊಳವೆ ಮುಚ್ಚಿದ್ದರೆ ವಿಷಾನಿಲ ಒಳಗೆ ತುಂಬಿ ಗೊತ್ತಾಗದಂತೆ ಜೀವ ತೆಗೆಯುತ್ತದೆ. ಮಳೆ ಬಂದಾಗ ಜೇಡಿಮಣ್ಣಿನ ರಸ್ತೆಗಳಿಗೆ ಇಳಿಯದಿರುವುದೇ ಮೇಲು.

ಪಟ್ಟಣದ ಆಡಳಿತ ಬೇರೆ, ಸುತ್ತಲಿನ ಹೊಲಗಳ ಆಡಳಿತ ಬೇರೆ. ಊರಿನೊಳಗಿನ ನೀರು, ಕಸಕ್ಕೆ ಪಟ್ಟಣ ಸಮಿತಿ. ಹೊರಗಿನ ಮಣ್ಣುರಸ್ತೆಗೆ 156ನೇ ಸಂಖ್ಯೆಯ ಇಂಡಿಯನ್ ಹೆಡ್ ಗ್ರಾಮೀಣ ಮುನಿಸಿಪಾಲಿಟಿ. ಸಣ್ಣ ಆಸ್ಪತ್ರೆಗಳ ತುರ್ತು ವಿಭಾಗ ಸಿಬ್ಬಂದಿಯಿಲ್ಲದೆ ಆಗಾಗ ಮುಚ್ಚುವುದರಿಂದ, ಜೀವಕ್ಕೆ ಅಪಾಯವಿಲ್ಲದ ತೊಂದರೆಗೆ ಮೊದಲು 811ಕ್ಕೆ ಫೋನ್ ಮಾಡಿ ನರ್ಸಿನ ಸಲಹೆ ಕೇಳಬಹುದು. ಊರಿಗೆ ಫೋನ್ ಮಾಡುವವರಿಗೆ ಒಂದು ಅನುಕೂಲ: ಸಾಸ್ಕಾಚೆವಾನ್ ಬೇಸಿಗೆಗೆ ಗಡಿಯಾರ ತಿರುಗಿಸುವುದಿಲ್ಲ. ಭಾರತಕ್ಕಿಂತ ವರ್ಷವಿಡೀ ಹನ್ನೊಂದೂವರೆ ಗಂಟೆ ಹಿಂದೆ.

ನಮ್ಮ ಅಡುಗೆಮನೆಯ ನಂಟು

ಮಸೂರ, ಅಂದರೆ ನಮ್ಮಲ್ಲಿ ಚನ್ನಂಗಿ ಬೇಳೆ ಎನ್ನುವುದು, ಸಾಸ್ಕಾಚೆವಾನಿಗೆ ಬಂದದ್ದು 1970ರ ಹೊತ್ತಿಗೆ. ಅಲ್ಲಿಯ ವಿಶ್ವವಿದ್ಯಾಲಯದ ಆಲ್ ಸ್ಲಿಂಕಾರ್ಡ್ 1978ರಲ್ಲಿ ‘ಲೇರ್ಡ್’ ತಳಿ ಬಿಡುಗಡೆ ಮಾಡಿದ ಮೇಲೆ ಬೆಳೆ ಹಬ್ಬಿತು. ಇಂದು ಕೆನಡಾದ ಮಸೂರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಈ ಒಂದೇ ಪ್ರಾಂತ್ಯದ್ದು. ರೈತರಿಗೆ ಇದು ಹಿಡಿಸಿದ್ದಕ್ಕೆ ಕಾರಣವಿದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ತನ್ನ ಗೊಬ್ಬರ ತಾನೇ ಮಾಡಿಕೊಳ್ಳುತ್ತದೆ, ನೀರು ಕಡಿಮೆ ಸಾಕು. ಹಿಂದೆ ಬೀಳು ಬಿಡುತ್ತಿದ್ದ ವರ್ಷದಲ್ಲಿ ಈಗ ಮಸೂರ ಅಥವಾ ಬಟಾಣಿ ಬಿತ್ತಬಹುದು.

ತೊಂದರೆಯೂ ಉಂಟು. ಅಫನೊಮೈಸಿಸ್ ಎಂಬ ಬೇರುಕೊಳೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಮ್ಮೆ ಬಂದ ಹೊಲದಲ್ಲಿ ಮಸೂರ, ಬಟಾಣಿ ಎರಡನ್ನೂ ಆರರಿಂದ ಎಂಟು ವರ್ಷ ಬಿತ್ತಬಾರದೆಂಬುದು ಸಲಹೆ. ಬೆಲೆ ಚೆನ್ನಾಗಿದೆಯೆಂದು ಬೇಗ ಬಿತ್ತಿದವರು ಹಳದಿಯಾಗಿ ಸೊರಗಿದ ತೇಪೆಗಳನ್ನು ಕಾಣುತ್ತಾರೆ.

ಇನ್ನೊಂದು ತೊಂದರೆ ದೆಹಲಿಯಿಂದ ಬರುವಂಥದ್ದು. ಭಾರತದಲ್ಲಿ ಬೇಳೆಕಾಳಿನ ಬೆಳೆ ಕೈಕೊಟ್ಟ ವರ್ಷ ಸುಂಕ ಇಳಿಯುತ್ತದೆ, ನಮ್ಮ ರೈತನಿಗೆ ಬೆಲೆ ಕುಸಿದಾಗ ಅವನನ್ನು ಕಾಯಲು ಏರುತ್ತದೆ. 2017ರ ನವೆಂಬರಿನಲ್ಲಿ ಬಟಾಣಿಗೆ 50 ಪ್ರತಿಶತ, ಡಿಸೆಂಬರಿನಲ್ಲಿ ಮಸೂರಕ್ಕೆ 30 ಪ್ರತಿಶತ ಸುಂಕ ಬಿದ್ದಾಗ ಸಾಸ್ಕಾಚೆವಾನಿನ ಕೊಯ್ಲು ಮುಗಿದು ಕಾಳು ಕಣಜದಲ್ಲಿತ್ತು. ಕಲಬುರಗಿಯ ತೊಗರಿ ಬೆಳೆಗಾರನಿಗೆ ಆಸರೆಯಾಗುವ ಸುಂಕವೇ ಅಲ್ಲಿಯ ರೈತನಿಗೆ ಹೊಡೆತ. ಹಾಗಾಗಿ ಅಲ್ಲಿಯವರು ಚಳಿಗಾಲದಲ್ಲಿ ಮುಂದಿನ ಬಿತ್ತನೆ ಲೆಕ್ಕ ಹಾಕುವಾಗ ನಮ್ಮ ಮುಂಗಾರಿನ ಸುದ್ದಿಯನ್ನೂ, ಹಿಂಗಾರಿ ಕಡಲೆಯ ವಿಸ್ತೀರ್ಣವನ್ನೂ ಓದುತ್ತಾರೆ. ಕಾಳನ್ನು ಮಾರದೆ ತಡೆದಿಟ್ಟುಕೊಳ್ಳಬಲ್ಲಷ್ಟು ಸ್ವಂತ ಕಣಜ ಇರುವವನಿಗೆ ಸುಂಕ ಇಳಿಯುವವರೆಗೆ ಕಾಯುವ ದಾರಿಯಿದೆ. ಇಲ್ಲದವನು ಕೊಯ್ಲಿನ ದಿನದ ಬೆಲೆಗೇ ಲಾರಿ ತುಂಬಿಸಿ ಟರ್ಮಿನಲ್ಲಿಗೆ ಕಳಿಸಬೇಕು.